ಬಾಟಲಿಗೆ ತುಂಬಿದ ಮನೆ ಬಿಯರ್‌ಗೆ ಗ್ಯಾಸ್ ಏರಲು ಎಷ್ಟು ದಿನ ಬೇಕು?

ಬಿಯರ್ ಕಿಟ್ಟಿನ ಜೊತೆ ಬರುವ ಸೂಚನಾ ಚೀಟಿಯಲ್ಲಿ ಈ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ಸಕ್ಕರೆ ಹಾಕಿ, ಬಾಟಲಿಗೆ ತುಂಬಿ, ಎರಡು ವಾರ ಬಿಡಿ. ಶೇ. 5ರ ಆಸುಪಾಸು ಆಲ್ಕೋಹಾಲ್ ಇರುವ, ಕೋಣೆಯ ಬೆಚ್ಚಗೆ ಹುದುಗುವ ಏಲ್ ಬಿಯರ್‌ಗೆ, 20ರಿಂದ 22 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಆ ಸಾಲು ಸರಿಯೇ. ಆದರೆ ಜನವರಿಯಲ್ಲಿ ಷಿಕಾಗೋದ ಬೇಸ್‌ಮೆಂಟಿನಲ್ಲಿಟ್ಟ ಪೆಟ್ಟಿಗೆಗೆ ಅದು ಹೊಂದುವುದಿಲ್ಲ, ಶೇ. 9ರ ಬೆಲ್ಜಿಯನ್ ಟ್ರಿಪೆಲ್ ಬಿಯರ್‌ಗೂ ಹೊಂದುವುದಿಲ್ಲ. ಹದಿನೈದನೆಯ ದಿನ ಮುಚ್ಚಳ ತೆಗೆದು, ಸಪ್ಪಗಿದೆ ಎಂದು ಪ್ರತಿ ಬಾಟಲಿಗೂ ಇನ್ನೊಂದು ಚಮಚ ಸಕ್ಕರೆ ಸುರಿದು ಮತ್ತೆ ಮುಚ್ಚುವವರಿದ್ದಾರೆ. ಬಾಟಲಿಗಳು ಸಿಡಿಯುವುದು ಇಂಥ ಅವಸರದಿಂದಲೇ.

ಒಂದು ವಿಷಯ ತಲೆಯಲ್ಲಿದ್ದರೆ ಉಳಿದದ್ದು ಸುಲಭ. ಬಿಯರಿನಲ್ಲಿ ಎಷ್ಟು ಗ್ಯಾಸ್ ಇರಬೇಕೆಂಬುದನ್ನು ನಿರ್ಧರಿಸುವುದು ಸಕ್ಕರೆಯ ತೂಕ, ದಿನಗಳಲ್ಲ. ಆ ಸಕ್ಕರೆಯನ್ನು ಯೀಸ್ಟ್ ತಿಂದು, ಗ್ಯಾಸಾಗಿಸಿ ಮುಗಿಸಲಿಕ್ಕಷ್ಟೇ ದಿನಗಳು ಬೇಕು. ಮುಗಿದ ಮೇಲೆ ಇನ್ನಾರು ತಿಂಗಳು ಇಟ್ಟರೂ ಗ್ಯಾಸ್ ಹೆಚ್ಚಬಾರದು. ಹೆಚ್ಚುತ್ತಲೇ ಹೋದರೆ, ನೀವು ಲೆಕ್ಕಕ್ಕೆ ಹಿಡಿಯದ ಸಕ್ಕರೆಯೋ ಬೇಡದ ಜೀವಿಯೋ ಒಳಗಿದೆ ಎಂದರ್ಥ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡೋಣ. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡಲು ತೆರಿಗೆ ವಿನಾಯಿತಿ ಸಿಕ್ಕಿತು: ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಅಲಬಾಮಾ ಮತ್ತು ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಬ್ರಿಟನ್ನಿನಲ್ಲಿ 1963ರಿಂದ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಕರ್ನಾಟಕದಲ್ಲಿ ಮಾತ್ರ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮಾಡುವುದು ಅಪರಾಧ. ರಜೆಗೆ ಊರಿಗೆ ಬಂದಾಗ ಭಾವನಿಗೆ ಮಾಡಿ ತೋರಿಸುವ ಆಸೆ ಬೇಡ.

ತುಂಬುವ ಮೊದಲು: ಹುದುಗು ನಿಜಕ್ಕೂ ನಿಂತಿದೆಯೇ

ಏರ್‌ಲಾಕಿನಲ್ಲಿ (ಗ್ಯಾಸನ್ನು ಹೊರಗೆ ಮಾತ್ರ ಬಿಡುವ ಮುಚ್ಚಳದ ಕೊಳವೆಯಲ್ಲಿ) ಗುಳ್ಳೆ ನಿಂತಿತು ಎಂಬುದು ಸಾಕ್ಷಿಯಲ್ಲ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಒಂದೇ ಸಾಕ್ಷಿ. ಇವತ್ತೊಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತದೆ) ನೋಡಿ. ಎರಡೂ ಒಂದೇ ಇದ್ದು, ನೀವು ಬಳಸಿದ ಯೀಸ್ಟ್ ಸಾಮಾನ್ಯವಾಗಿ ತಲುಪುವ ಮಟ್ಟಕ್ಕೆ ಹತ್ತಿರವಿದ್ದರೆ ಮಾತ್ರ ಬಾಟಲಿಗೆ ಕೈ ಹಾಕಿ. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಬಾಟಲಿಯೊಳಗೆ ಗ್ರಾವಿಟಿ 0.001 ಇಳಿದರೆ ಸುಮಾರು ಅರ್ಧ ವಾಲ್ಯೂಮ್ (ಪ್ರತಿ ಲೀಟರ್ ಬಿಯರಿಗೆ ಅರ್ಧ ಲೀಟರ್) ಗ್ಯಾಸ್ ಹೆಚ್ಚಾಗುತ್ತದೆ. 1.012ಕ್ಕೆ ನಿಲ್ಲಬೇಕಾದ ಬಿಯರನ್ನು 1.016ರಲ್ಲಿ ತುಂಬಿದರೆ ಎರಡು ವಾಲ್ಯೂಮ್ ಹೆಚ್ಚುವರಿ. ಅದರ ಮೇಲೆ ನೀವು ಹಾಕುವ ಸಕ್ಕರೆ ಬೇರೆ. ಸಾಮಾನ್ಯ ಬಾಟಲಿ ಅದನ್ನು ತಾಳುವುದಿಲ್ಲ.

ಎರಡು ಕಡೆ ಈ ಪರೀಕ್ಷೆಯೂ ಮೋಸ ಮಾಡುತ್ತದೆ. ಹುದುಗು ನಿಂತ ಮೇಲೆ ಧಾರಾಳವಾಗಿ ಡ್ರೈ ಹಾಪ್ ಮಾಡಿದರೆ (ಕಹಿ, ಪರಿಮಳ ಕೊಡುವ ಹಾಪ್ಸ್ ಹೂಗಳನ್ನು ಕುದಿಸದೆ ಹಾಕಿದರೆ) ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾರದ, ಪಿಷ್ಟದ ತುಣುಕುಗಳಾದ ಡೆಕ್ಸ್‌ಟ್ರಿನ್‌ಗಳನ್ನು ಒಡೆದು ಹೊಸ ಸಕ್ಕರೆ ಮಾಡಿಕೊಡುತ್ತವೆ, ಗ್ರಾವಿಟಿ ಮತ್ತೆ ಇಳಿಯತೊಡಗುತ್ತದೆ. ಹಾಗಾಗಿ ಹಾಪ್ಸ್ ಹೆಚ್ಚಿರುವ ಐಪಿಎ ಬಿಯರುಗಳಲ್ಲಿ ಹಾಪ್ಸ್ ಹಾಕಿದ ನಂತರ ಮತ್ತೆರಡು ಬಾರಿ ಅಳೆಯಬೇಕು. ಇನ್ನೊಂದು, ಸೇಸನ್ ಎಂಬ ಬೆಲ್ಜಿಯನ್ ಬಿಯರ್‌ಗೆ ಬಳಸುವ ಕೆಲವು ಡಯಾಸ್ಟಾಟಿಕಸ್ ಯೀಸ್ಟ್‌ಗಳು. ಅವು ತಾವೇ ಡೆಕ್ಸ್‌ಟ್ರಿನ್ ಒಡೆಯುತ್ತವೆ, ಅದೂ ನಿಧಾನವಾಗಿ. ಅಂಥ ಯೀಸ್ಟ್ ಹಾಕಿದ್ದರೆ ಇನ್ನೂ ಒಂದೆರಡು ವಾರ ಫರ್ಮೆಂಟರಿನಲ್ಲೇ (ಹುದುಗಿಸುವ ಪಾತ್ರೆಯಲ್ಲೇ) ಬಿಡಿ, ದಪ್ಪ ಗಾಜಿನ ಬಾಟಲಿಗೇ ತುಂಬಿ.

ಸಕ್ಕರೆಯ ಲೆಕ್ಕ

ಗ್ಯಾಸಿನ ಅಳತೆ ವಾಲ್ಯೂಮ್. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿದ್ದರೆ ಒಂದು ವಾಲ್ಯೂಮ್, ತೂಕದಲ್ಲಿ ಸುಮಾರು 1.96 ಗ್ರಾಂ. ಬಿಯರಿನ ಬಗೆಗೆ ತಕ್ಕಂತೆ ಇದು ಬೇರೆ: ಇಂಗ್ಲಿಷ್ ಬಿಟರ್‌ಗೆ 1.5ರಿಂದ 2, ಸ್ಟೌಟ್ ಮತ್ತು ಪೋರ್ಟರ್‌ಗೆ 1.7ರಿಂದ 2.3, ಅಮೆರಿಕನ್ ಪೇಲ್ ಏಲ್ ಮತ್ತು ತಣ್ಣಗೆ ಹುದುಗಿಸುವ ಲಾಗರ್‌ಗೆ 2.2ರಿಂದ 2.7, ಜರ್ಮನ್ ವೀಟ್ ಬಿಯರ್‌ಗೆ 3.3ರ ಮೇಲೆ. ಇದು ರೂಢಿ. ಗೊಂದಲವಾದರೆ 2.4 ಇಟ್ಟುಕೊಳ್ಳಿ, ಯಾರೂ ಆಕ್ಷೇಪಿಸುವುದಿಲ್ಲ.

ಹುದುಗು ಮುಗಿದ ಬಿಯರಿನಲ್ಲಿ ಆಗಲೇ ಸ್ವಲ್ಪ ಗ್ಯಾಸ್ ಕರಗಿರುತ್ತದೆ. ಅದನ್ನು ಕಳೆಯಬೇಕು. 10 ಡಿಗ್ರಿಯಲ್ಲಿ 1.2, 15ರಲ್ಲಿ 1.0, 20ರಲ್ಲಿ 0.86, 25ರಲ್ಲಿ 0.76 ವಾಲ್ಯೂಮ್. ಇಲ್ಲಿ ಬಹಳ ಜನ ಎಡವುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ತುಂಬುವ ದಿನದ ಉಷ್ಣತೆಯಲ್ಲ, ಹುದುಗಿನ ಕೊನೆಯಲ್ಲಿ ಬಿಯರ್ ತಲುಪಿದ್ದ ಗರಿಷ್ಠ ಉಷ್ಣತೆ. 20 ಡಿಗ್ರಿಯಲ್ಲಿ ಹುದುಗಿದ ಏಲನ್ನು ತಿಳಿಯಾಗಲೆಂದು ಎರಡು ದಿನ 2 ಡಿಗ್ರಿಯಲ್ಲಿ ಇಟ್ಟಿದ್ದೀರಿ ಎನ್ನಿ. ಹೊರಟುಹೋದ ಗ್ಯಾಸ್ ತಂಪು ಮಾಡಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಆನ್‌ಲೈನ್ ಕ್ಯಾಲ್ಕುಲೇಟರಿಗೆ 2 ಡಿಗ್ರಿ ಎಂದು ಹಾಕಿದರೆ ಅದು ಬಿಯರಿನಲ್ಲಿ 1.6 ವಾಲ್ಯೂಮ್ ಇದೆಯೆಂದು ನಂಬಿ ಅರ್ಧ ಸಕ್ಕರೆ ಹೇಳುತ್ತದೆ. ಫಲ, ಸಪ್ಪೆ ಬಿಯರ್. ಎಷ್ಟು ದಿನ ಕಾದರೂ ಅದು ಸಪ್ಪೆಯೇ.

ಒಂದು ಲೀಟರ್ ಬಿಯರಿಗೆ ಒಂದು ವಾಲ್ಯೂಮ್ ಏರಿಸಲು ಸುಮಾರು 3.8 ಗ್ರಾಂ ಸಾದಾ ಸಕ್ಕರೆ ಬೇಕು. ಅಂದಮೇಲೆ ಲೆಕ್ಕ ಹೀಗೆ: ಬೇಕಾದ ವಾಲ್ಯೂಮಿನಿಂದ ಇರುವುದನ್ನು ಕಳೆದು, 3.8ರಿಂದ ಗುಣಿಸಿ, ಬಿಯರ್ ಎಷ್ಟು ಲೀಟರಿದೆಯೋ ಅದರಿಂದ ಗುಣಿಸಿ. 20 ಡಿಗ್ರಿಯಲ್ಲಿ ಹುದುಗಿದ 19 ಲೀಟರ್, ಅಂದರೆ ಐದು ಗ್ಯಾಲನ್ ಬಿಯರಿಗೆ:

ಬಿಟರ್, 1.8 ವಾಲ್ಯೂಮ್: 68 ಗ್ರಾಂ
ಪೇಲ್ ಏಲ್, 2.4 ವಾಲ್ಯೂಮ್: 111 ಗ್ರಾಂ
ವೀಟ್ ಬಿಯರ್, 3.5 ವಾಲ್ಯೂಮ್: 191 ಗ್ರಾಂ

ಒಂದೇ ಪ್ರಮಾಣದ ಬಿಯರಿಗೆ 68ರಿಂದ 191 ಗ್ರಾಂ! ಎಲ್ಲಕ್ಕೂ ಒಂದೇ ಪೊಟ್ಟಣ ಸಕ್ಕರೆ ಕೊಡುವ ಕಿಟ್‌ಗಳನ್ನು ಯಾಕೆ ನಂಬಬಾರದು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಹಳೆಯ ಅಮೆರಿಕನ್ ಪಾಕವಿಧಾನಗಳ ‘ಮುಕ್ಕಾಲು ಕಪ್ ಕಾರ್ನ್ ಶುಗರ್’ (ಮೆಕ್ಕೆಜೋಳದ ಸಕ್ಕರೆ) ಇನ್ನೂ ಕೆಟ್ಟದ್ದು, ಏಕೆಂದರೆ ಕಪ್ಪಿನಲ್ಲಿ ಎಷ್ಟು ಒತ್ತಿ ತುಂಬಿದ್ದೀರಿ ಎಂಬುದರ ಮೇಲೆ ತೂಕ ಬದಲಾಗುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಲೀಟರ್ ಲೆಕ್ಕವನ್ನೂ ಫರ್ಮೆಂಟರಿನ ಮೇಲಿನ ಗೆರೆ ನೋಡಿ ಹಿಡಿಯಬೇಡಿ. ತಳದ ಗಸಿ ಬಿಟ್ಟು ನಿಜವಾಗಿ ಬಾಟಲಿಗೆ ಹೋಗುವುದು ಒಂದೆರಡು ಲೀಟರ್ ಕಡಿಮೆ ಇರುತ್ತದೆ.

ಯಾವ ಸಕ್ಕರೆ ಎಂಬ ಚರ್ಚೆಗೆ ಇರಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಬಿಳಿ ಸಕ್ಕರೆಯಿಂದ ರುಚಿ ಕೆಡುವುದಿಲ್ಲ, ಆಲ್ಕೋಹಾಲ್ ಏರುವುದೂ ಶೇ. 0.4ರ ಹತ್ತಿರ ಮಾತ್ರ. ಕಾರ್ನ್ ಶುಗರ್ ಆದರೆ ಶೇ. 10ರಿಂದ 15 ಹೆಚ್ಚು ಹಾಕಿ. ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಸುಮಾರು ಒಂದೂವರೆ ಪಟ್ಟು ಬೇಕು, ಗ್ಯಾಸ್ ಏರುವುದೂ ನಿಧಾನ. ಇಂಡಿಯನ್ ಸ್ಟೋರಿನ ಬೆಲ್ಲ ಹಾಕಬಹುದೇ ಎಂದು ಕೇಳುವವರುಂಟು. ಹಾಕಬಹುದು, ಕಪ್ಪು ಬಿಯರಿಗೆ ಚೆನ್ನಾಗಿಯೂ ಹೊಂದುತ್ತದೆ, ಆದರೆ ಅಚ್ಚಿನಿಂದ ಅಚ್ಚಿಗೆ ತೇವ ಬೇರೆ, ಸಕ್ಕರೆಯ ಅಂಶ ಬೇರೆ. ಲೆಕ್ಕ ಕರಾರುವಾಕ್ಕಾಗಿ ಬೇಕಿದ್ದರೆ ಬೆಲ್ಲವನ್ನು ಹುದುಗಿಸುವಾಗಲೇ ಹಾಕಿ, ಬಾಟಲಿಗೆ ಸಕ್ಕರೆಯನ್ನೇ ಬಳಸಿ. ಬಾಟಲಿಗೊಂದು ಹಾಕುವ ಕೂಪರ್ಸ್ ಕಂಪನಿಯ ಕಾರ್ಬೊನೇಷನ್ ಡ್ರಾಪ್ ಸುಮಾರು 3 ಗ್ರಾಂ ಇರುತ್ತದೆ, 375 ಮಿಲಿಲೀಟರಿಗೆ ಒಂದು. ಅನುಕೂಲವೇನೋ ಹೌದು, ಆದರೆ ಅದು ಬಿಯರನ್ನು ಮೂರು ವಾಲ್ಯೂಮಿನ ಹತ್ತಿರ ಒಯ್ಯುತ್ತದೆ. ಬಿಟರ್‌ಗೆ ಅದು ಅತಿ.

ಬಾಟಲಿ ಮತ್ತು ಮುಚ್ಚಳ

ಕಂದು ಗಾಜು, ಓಪನರಿನಿಂದ ತೆಗೆಯುವ ಬಾಯಿ. ತಿರುಪಿ ತೆಗೆಯುವ ಬಾಟಲಿಗಳ ಗಾಜು ತೆಳು, ಬಾಯಿಯ ಮೇಲೆ ಮುಚ್ಚಳ ಸರಿಯಾಗಿ ಕೂರುವುದೂ ಇಲ್ಲ. ಅವನ್ನು ಮರುಬಳಕೆಯ ಡಬ್ಬಿಗೇ ಹಾಕಿ. ಸಾಮಾನ್ಯ ಉದ್ದ ಕುತ್ತಿಗೆಯ ಬಾಟಲಿಗೆ ಮೂರು ವಾಲ್ಯೂಮ್ ಮಿತಿ ಎಂದಿಟ್ಟುಕೊಳ್ಳಿ. ವೀಟ್ ಬಿಯರಿಗೆ ಜರ್ಮನ್ ವೀಟ್ ಬಿಯರ್ ಬಾಟಲಿಯೋ ಶಾಂಪೇನ್ ಬಾಟಲಿಯೋ ಬೇಕು. ಮುಚ್ಚಳ ಅಮೆರಿಕನ್ ಬಾಟಲಿಗಳಿಗೆ 26 ಮಿಲಿಮೀಟರ್, ಶಾಂಪೇನ್ ಮತ್ತು ಕೆಲವು ಬೆಲ್ಜಿಯನ್ ಬಾಟಲಿಗಳಿಗೆ 29. ಎರಡನ್ನು ಬೆರೆಸಿದರೆ ಗ್ಯಾಸ್ ಸೋರುತ್ತದೆ. ಕೊಕ್ಕೆ ಮುಚ್ಚಳದ ಬಾಟಲಿಯಾದರೆ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ. 19 ಲೀಟರಿಗೆ 355 ಮಿಲಿಲೀಟರಿನ ಸುಮಾರು 50 ಬಾಟಲಿ ಬೇಕಾಗುತ್ತವೆ.

ತುಂಬುವ ದಿನ

ಬಾಟಲಿಗಳನ್ನು ತೊಳೆದು, ಒಳಗೆ ಬೆಳಕು ಹಿಡಿದು ನೋಡಿ. ಬೂಸು ಅಂಟಿಕೊಂಡಿದ್ದರೆ ಸ್ಯಾನಿಟೈಸರ್ ಏನೂ ಮಾಡಲಾರದು. ಶುದ್ಧವಾದ ಮೇಲೆ ಸ್ಟಾರ್ ಸ್ಯಾನ್‌ನಂಥ ಆಮ್ಲದ ಸ್ಯಾನಿಟೈಸರನ್ನು ಲೀಟರ್ ನೀರಿಗೆ ಒಂದೂವರೆ ಮಿಲಿಲೀಟರಿನಂತೆ ಬೆರೆಸಿ ಒಳಗೆಲ್ಲ ತಾಗುವಂತೆ ಅಲ್ಲಾಡಿಸಿ ಸುರಿಯಿರಿ. ಉಳಿದ ನೊರೆಗೆ ಹೆದರಬೇಡಿ, ಮತ್ತೆ ನೀರಿನಲ್ಲಿ ತೊಳೆಯಬೇಡಿ.

ತೂಗಿದ ಸಕ್ಕರೆಯನ್ನು 300 ಮಿಲಿಲೀಟರ್ ನೀರಿನಲ್ಲಿ ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಪಾಕ ಬರಿಸಬೇಡಿ. ಅದನ್ನು ನಲ್ಲಿ ಇರುವ ಬಕೆಟ್ಟಿನ ತಳಕ್ಕೆ ಮೊದಲು ಸುರಿದು, ಅದರ ಮೇಲೆ ಫರ್ಮೆಂಟರಿನಿಂದ ಬಿಯರನ್ನು ಸೈಫನ್ ಮಾಡಿ. ಪೈಪಿನ ತುದಿ ಬಕೆಟ್ಟಿನ ತಳದ ಅಂಚಿಗೆ ಬಾಗಿ ಮಲಗಿದ್ದರೆ ಬಿಯರ್ ಸುತ್ತುತ್ತಾ ಏರುತ್ತದೆ, ಸಕ್ಕರೆ ತಾನಾಗಿ ಬೆರೆಯುತ್ತದೆ. ಆದರೂ ನಂಬಿ ಕೂರಬೇಡಿ. ಶುದ್ಧಮಾಡಿದ ಉದ್ದ ಚಮಚದಿಂದ ತಳದಿಂದ ಮೇಲಕ್ಕೆ, ಗುಳ್ಳೆ ಏಳದಂತೆ ಮೆಲ್ಲಗೆ ಹತ್ತಾರು ಸಲ ತಿರುವಿ. ಗುಳ್ಳೆ ಎದ್ದರೆ ಆಮ್ಲಜನಕ ಸೇರುತ್ತದೆ, ಹಾಪ್ಸಿನ ಪರಿಮಳ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ.

ತುದಿಯಲ್ಲಿ ಸ್ಪ್ರಿಂಗ್ ಇರುವ ಬಾಟ್ಲಿಂಗ್ ವ್ಯಾಂಡನ್ನು (ಬಾಟಲಿ ತುಂಬುವ ಕೊಳವೆಯನ್ನು) ಬಾಟಲಿಯ ತಳಕ್ಕೆ ಒತ್ತಿ ಬಾಯಿಮಟ್ಟ ತುಂಬಿ. ವ್ಯಾಂಡ್ ಹೊರತೆಗೆದಾಗ ಉಳಿಯುವ ಜಾಗವೇ ಬಾಟಲಿಗೆ ಬೇಕಾದ ಖಾಲಿ ಜಾಗ, ಸುಮಾರು ಎರಡೂವರೆ ಸೆಂಟಿಮೀಟರ್. ಮುಚ್ಚಳ ಒತ್ತಿದ ಮೇಲೆ ಬೆರಳಿನಿಂದ ತಿರುಗಿಸಿ ನೋಡಿ. ತಿರುಗಿದರೆ ಮತ್ತೊಮ್ಮೆ ಒತ್ತಿ.

ಕೊನೆಯಲ್ಲಿ ಒಂದು ಅರ್ಧ ಲೀಟರ್ ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿ, ಬಿಯರ್ ಬಾಯಿಗೆ ಬರುವವರೆಗೆ ಅಮುಕಿ ಗಾಳಿ ತೆಗೆದು ಮುಚ್ಚಳ ತಿರುಪಿ. ಇದರ ಕೆಲಸ ಮುಂದಿದೆ.

ಎಷ್ಟು ದಿನ

ಬಾಟಲಿಯೊಳಗಿನ ಯೀಸ್ಟಿಗೆ ಪರಿಸ್ಥಿತಿ ಅನುಕೂಲಕರವಲ್ಲ: ಆಲ್ಕೋಹಾಲ್ ಇದೆ, ಪೋಷಕಾಂಶ ಮುಗಿದಿದೆ, ಬಹುಪಾಲು ಜೀವಕೋಶಗಳು ಫರ್ಮೆಂಟರಿನ ತಳದಲ್ಲೇ ಉಳಿದಿವೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಲು ತಡವಾಗುವಂತೆ ಇಲ್ಲಿಯೂ ಉಷ್ಣತೆಯದೇ ಮೊದಲ ಮಾತು. ಶೇ. 4ರಿಂದ 6 ಆಲ್ಕೋಹಾಲಿನ ಏಲ್‌ಗೆ:

24–25 ಡಿಗ್ರಿ: 7ರಿಂದ 10 ದಿನ
20–22 ಡಿಗ್ರಿ: 14 ದಿನ, ತುಸು ತಡವಾದರೆ 21
15–16 ಡಿಗ್ರಿ: 3ರಿಂದ 5 ವಾರ
12 ಡಿಗ್ರಿಗಿಂತ ಕೆಳಗೆ: ಹೆಚ್ಚಿನ ಏಲ್ ಯೀಸ್ಟ್‌ಗಳು ಮಲಗಿಬಿಡುತ್ತವೆ, ಕಾಯುವುದು ವ್ಯರ್ಥ

ಹಾಗೆಂದು 30 ಡಿಗ್ರಿಯಲ್ಲಿಡುವುದು ಜಾಣತನವಲ್ಲ. ಗ್ಯಾಸ್ ಬೇಗ ಏರುತ್ತದೆ, ಬಿಯರ್ ಅಷ್ಟೇ ಬೇಗ ಹಳಸುತ್ತದೆ. ಒತ್ತಡವೂ ಏರುತ್ತದೆ: 2.5 ವಾಲ್ಯೂಮ್ ಇರುವ ಬಾಟಲಿಯೊಳಗೆ 4 ಡಿಗ್ರಿಯಲ್ಲಿ ಸುಮಾರು 0.7 ಬಾರ್ ಒತ್ತಡವಿದ್ದರೆ, 20 ಡಿಗ್ರಿಯಲ್ಲಿ 1.9, 30ರಲ್ಲಿ 2.8. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಬಾಟಲಿ ಒಡೆಯುವುದು ಇದೇ ಕಾರಣಕ್ಕೆ. ಕೋಣೆಯ ಥರ್ಮೋಸ್ಟಾಟ್ 21 ತೋರಿಸಿದರೂ ಕಾಂಕ್ರೀಟ್ ನೆಲದ ಮೇಲಿನ ಪೆಟ್ಟಿಗೆ ಅದಕ್ಕಿಂತ ತಣ್ಣಗಿರುತ್ತದೆ ಎಂಬುದನ್ನೂ ಮರೆಯಬೇಡಿ. ಒಂದು ಹಲಗೆಯ ಮೇಲಿಡಿ, ಬೆಳಕು ಬೀಳದಂತೆ ಮುಚ್ಚಿಡಿ.

ಎರಡನೆಯ ಮಾತು ಆಲ್ಕೋಹಾಲಿನದು. ಶೇ. 8–9ರ ಬಿಯರಿಗೆ 20 ಡಿಗ್ರಿಯಲ್ಲೂ 4ರಿಂದ 8 ವಾರ ಹಿಡಿಯಬಹುದು. ಶೇ. 10 ದಾಟಿದ ಬಾರ್ಲಿವೈನ್, ಇಂಪೀರಿಯಲ್ ಸ್ಟೌಟ್‌ಗಳಿಗೆ, ಮೂರು ತಿಂಗಳು ತಣ್ಣಗಿಟ್ಟ ಲಾಗರ್‌ಗೆ, ಹುಳಿ ಬಿಯರ್‌ಗೆ ಹಳೆಯ ಯೀಸ್ಟನ್ನು ನೆಚ್ಚಿಕೊಳ್ಳದೆ ತುಂಬುವ ದಿನವೇ ಹೊಸ ಯೀಸ್ಟ್ ಸೇರಿಸುವುದು ಒಳ್ಳೆಯದು. 19 ಲೀಟರಿಗೆ 2 ಗ್ರಾಂ ಒಣ ಯೀಸ್ಟ್ ಸಾಕು. ಲಾಲೆಮಾಂಡ್‌ನ ಸಿಬಿಸಿ-1 ಅಥವಾ ಫರ್ಮೆಂಟಿಸ್‌ನ ಎಫ್-2 ಇದಕ್ಕೆಂದೇ ಮಾಡಿದವು. ಸಾಮಾನ್ಯ ಬಿಯರಿಗೆ ಇದು ಬೇಕಿಲ್ಲ. ಕಣ್ಣಿಗೆ ತಿಳಿಯಾಗಿ ಕಂಡರೂ, ನಾಲ್ಕೈದು ದಿನ ತಣ್ಣಗಿಟ್ಟಿದ್ದರೂ, ಅದರಲ್ಲಿ ಸಾಕಷ್ಟು ಯೀಸ್ಟ್ ತೇಲುತ್ತಿರುತ್ತದೆ.

ಲಾಗರ್ ಮಾಡುವವರು ಬಾಟಲಿಯನ್ನೂ 10 ಡಿಗ್ರಿಯಲ್ಲಿಟ್ಟು ಎರಡು ತಿಂಗಳು ಕಾಯುವುದುಂಟು. ಅಗತ್ಯವಿಲ್ಲ. ಇಷ್ಟು ಸ್ವಲ್ಪ ಸಕ್ಕರೆ 18–20 ಡಿಗ್ರಿಯಲ್ಲಿ ಹುದುಗಿದರೆ ರುಚಿಗೆ ಧಕ್ಕೆಯಾಗುವುದಿಲ್ಲ. ಎರಡು ಮೂರು ವಾರ ಕೋಣೆಯಲ್ಲಿಟ್ಟು ನಂತರ ತಣ್ಣಗೆ ಮಾಡಿ.

ಆಯಿತೆಂದು ತಿಳಿಯುವುದು

ಆ ಪ್ಲಾಸ್ಟಿಕ್ ಬಾಟಲಿಯನ್ನು ದಿನಕ್ಕೊಮ್ಮೆ ಒತ್ತಿ. ಅಮುಕಿದ್ದ ಹೊಟ್ಟೆ ಕೆಲವು ದಿನಗಳಲ್ಲಿ ಉಬ್ಬುತ್ತದೆ, ಬಳಿಕ ಗಟ್ಟಿಯಾಗುತ್ತದೆ. ಹೆಬ್ಬೆರಳಿಗೆ ಮಣಿಯದಷ್ಟು ಗಟ್ಟಿಯಾದ ಮೇಲೆ ಒಂದು ವಾರ ಬಿಟ್ಟು ಒಂದು ಗಾಜಿನ ಬಾಟಲಿಯನ್ನು ಫ್ರಿಜ್‌ಗೆ ಹಾಕಿ. ಇನ್ನೂ ಖಚಿತವಾಗಿ ಬೇಕೆಂದರೆ ಕೊಕ್ಕೆ ಮುಚ್ಚಳದ ಬಾಟಲಿಗೆ ಕೂರುವ ಒತ್ತಡದ ಮಾಪಕ ಸಿಗುತ್ತದೆ. ಮುಳ್ಳು ಮೂರು ದಿನ ಅಲುಗದಿದ್ದರೆ ಕೆಲಸ ಮುಗಿದಿದೆ.

ಫ್ರಿಜ್‌ನಲ್ಲಿ ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ಮೂರು ದಿನ. ಕೋಣೆಯ ಬಿಸಿಯಲ್ಲಿ ಮುಚ್ಚಳದ ಕೆಳಗಿನ ಖಾಲಿ ಜಾಗದಲ್ಲಿ ಕೂತ ಗ್ಯಾಸ್ ತಂಪಾದಾಗ ಬಿಯರಿಗಿಳಿದು ಕರಗುತ್ತದೆ, ತಳದ ಯೀಸ್ಟ್ ಗಟ್ಟಿ ಕೂರುತ್ತದೆ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತೆರೆದರೆ ಸರಿಯಾದ ಬಿಯರೂ ಉಕ್ಕುತ್ತದೆ, ಲೋಟಕ್ಕೆ ಬಿದ್ದ ಮೇಲೆ ಸಪ್ಪೆಯೂ ಆಗುತ್ತದೆ. ಬಿಯರನ್ನು ದೂರುವ ಮೊದಲು ಇದನ್ನು ಪರಿಶೀಲಿಸಿ. ಒಂದು ವಾರಕ್ಕೇ ತೆರೆದ ಬಾಟಲಿಯಲ್ಲಿ ಗುಳ್ಳೆ ದಪ್ಪ, ನೊರೆ ನಿಲ್ಲದು. ಅದೇ ಬಿಯರ್ ಮೂರನೆಯ ವಾರಕ್ಕೆ ಸಣ್ಣ ಗುಳ್ಳೆ, ನಿಲ್ಲುವ ನೊರೆ.

ಕೆಟ್ಟಾಗ

ಎಲ್ಲ ಬಾಟಲಿಯೂ ಸಪ್ಪೆ, ಕುಡಿದರೆ ತುಸು ಸಿಹಿ: ಸಕ್ಕರೆ ಇನ್ನೂ ಇದೆ, ಯೀಸ್ಟ್ ಮಲಗಿದೆ. 22–24 ಡಿಗ್ರಿ ಇರುವ ಕಡೆಗೆ ಸಾಗಿಸಿ, ಪ್ರತಿ ಬಾಟಲಿಯನ್ನೂ ಮೆಲ್ಲಗೆ ತಲೆಕೆಳಗು ಮಾಡಿ ಗಸಿ ಎಬ್ಬಿಸಿ, ಎರಡು ವಾರ ಬಿಡಿ. ಆಗಲೂ ಏಳದಿದ್ದರೆ ಮುಚ್ಚಳ ತೆಗೆದು ನಾಲ್ಕೈದು ಕಾಳು ಒಣ ಯೀಸ್ಟ್ ಉದುರಿಸಿ ಹೊಸ ಮುಚ್ಚಳ ಒತ್ತಿ. ಸಕ್ಕರೆ ಮಾತ್ರ ಸೇರಿಸಬೇಡಿ.

ಸಪ್ಪೆ, ಸಿಹಿಯೂ ಇಲ್ಲ: ಸಕ್ಕರೆ ಕಡಿಮೆಯಾಗಿತ್ತು ಅಥವಾ ಮುಚ್ಚಳ ಸೋರಿತು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಸೋರಿಕೆ ಇಲ್ಲದಿದ್ದರೆ ಮಾತ್ರ, ಕೊರತೆ ಲೆಕ್ಕಹಾಕಿ, ಲೀಟರಿಗೆ ಇಂತಿಷ್ಟು ಗ್ರಾಂ ಎಂದು ಸಕ್ಕರೆ ಸೇರಿಸಬಹುದು.

ಕೆಲವು ಸಪ್ಪೆ, ಕೆಲವು ಉಕ್ಕುತ್ತವೆ: ಬಕೆಟ್ಟಿನಲ್ಲಿ ಸಕ್ಕರೆ ಬೆರೆತಿಲ್ಲ. ತುಂಬುವಾಗ ಬಾಟಲಿಗಳಿಗೆ ಕ್ರಮಸಂಖ್ಯೆ ಬರೆದಿದ್ದರೆ ಮೊದಲಿನವು ಒಂದು ಥರ, ಕೊನೆಯವು ಇನ್ನೊಂದು ಥರ ಎಂದು ಕಾಣುತ್ತದೆ. ಸಂಖ್ಯೆಗೆ ಸಂಬಂಧವಿಲ್ಲದೆ ಅಲ್ಲೊಂದು ಇಲ್ಲೊಂದು ಉಕ್ಕಿದರೆ ಆ ಬಾಟಲಿಗಳು ಕೊಳಕಿದ್ದವು. ಕುತ್ತಿಗೆಯ ಒಳಗೆ ಬಿಯರಿನ ಮಟ್ಟದಲ್ಲಿ ಬಿಳಿ ಉಂಗುರ ಕಟ್ಟಿದ್ದರೆ ಸೋಂಕು ಬಹುತೇಕ ಖಚಿತ.

ರುಚಿ ಸರಿಯಿದೆ, ಗ್ಯಾಸೂ ಹೆಚ್ಚಿಲ್ಲ, ಆದರೂ ಉಕ್ಕುತ್ತದೆ: ಹಾಪ್ಸಿನ ಚೂರುಗಳು ಒಳಗೆ ಸೇರಿವೆ, ಅವುಗಳ ಮೇಲೆ ಗುಳ್ಳೆ ಹುಟ್ಟುತ್ತದೆ. ಚೆನ್ನಾಗಿ ತಣ್ಣಗೆ ಮಾಡಿ, ನಿಲ್ಲಿಸಿಟ್ಟು, ಅಲುಗದಂತೆ ತೆರೆಯಿರಿ.

ಎಲ್ಲವೂ ಉಕ್ಕುತ್ತವೆ, ವಾರದಿಂದ ವಾರಕ್ಕೆ ಹೆಚ್ಚುತ್ತಿದೆ: ಇದು ಅಪಾಯ. ಒಂದು ಬಾಟಲಿ ಆಗಲೇ ಸಿಡಿದಿದ್ದರೆ ಪೆಟ್ಟಿಗೆಯ ಮೇಲೆ ದಪ್ಪ ಕಂಬಳಿ ಹೊದಿಸಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಕಿಟಕಿ ತೆರೆದೋ ಹೀಟರ್ ಆರಿಸಿಯೋ ಕೋಣೆಯನ್ನೇ ತಣ್ಣಗೆ ಮಾಡಿ ಒಂದು ದಿನ ಕಾಯಿರಿ. ಆಮೇಲೆ ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು ಒಂದೊಂದನ್ನೇ ಟವೆಲಿನಲ್ಲಿ ಸುತ್ತಿ ಫ್ರಿಜ್‌ಗೆ ಸಾಗಿಸಿ. ಎರಡು ದಿನ ತಣ್ಣಗಾದ ಮೇಲೆ ಓಪನರಿನಿಂದ ಮುಚ್ಚಳದ ಅಂಚನ್ನು ‘ಸುಸ್’ ಎನ್ನುವಷ್ಟು ಮಾತ್ರ ಎತ್ತಿ, ನೊರೆ ಬಾಯಿಗೆ ಬಂದಾಗ ಬಿಡಿ. ಮತ್ತೆ ಎತ್ತಿ, ಸದ್ದು ತಗ್ಗಿದ ಮೇಲೆ ಹೊಸ ಮುಚ್ಚಳ ಒತ್ತಿ. ಬೇಗ ತುಂಬಿದ್ದೇ ಕಾರಣವಾದರೆ ಹೀಗೆ ಉಳಿಸಿಕೊಂಡ ಬಿಯರನ್ನು ಫ್ರಿಜ್‌ನಲ್ಲೇ ಇಟ್ಟು ತಿಂಗಳೊಳಗೆ ಮುಗಿಸಿ. ಕಾರಣ ಸೋಂಕು ಅಥವಾ ಡಯಾಸ್ಟಾಟಿಕಸ್ ಆಗಿದ್ದರೆ ಈ ಶ್ರಮ ಬೇಡ, ಹೊರಗಿಟ್ಟರೆ ಒತ್ತಡ ಮತ್ತೆ ಏರುತ್ತದೆ. ತಣ್ಣಗಿರುವಾಗಲೇ ತೆರೆದು ಸಿಂಕಿಗೆ ಸುರಿಯಿರಿ. ಆ ಬ್ಯಾಚಿಗೆ ಬಳಸಿದ ಪ್ಲಾಸ್ಟಿಕ್ ಪೈಪು, ವ್ಯಾಂಡು, ಬಕೆಟ್ಟಿನ ನಲ್ಲಿ ಇವನ್ನು ಬದಲಿಸದೆ ಮುಂದಿನ ಬಿಯರ್ ತುಂಬಬೇಡಿ.